ಸಂಜೆ ಐದೂವರೆಯ ಆಟ: ಕೌಂಟಿ ಟಿ20 ನೋಡಲು ಜನ ಯಾವಾಗ ಬರುತ್ತಾರೆ?

ಬೆಂಗಳೂರಿನಲ್ಲಿ ಜೂನ್ ತಿಂಗಳ ಸೂರ್ಯ ಸಂಜೆ 6.45ರ ಹೊತ್ತಿಗೆ ಮುಳುಗುತ್ತಾನೆ. ಲಂಡನ್ನಿನಲ್ಲಿ ಅದೇ ತಿಂಗಳು ರಾತ್ರಿ 9.20ರವರೆಗೂ ಬೆಳಕಿರುತ್ತದೆ. ಟಿ20 ಕ್ರಿಕೆಟ್ ಇಂಗ್ಲೆಂಡಿನಲ್ಲೇ ಯಾಕೆ ಹುಟ್ಟಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಎರಡೂವರೆ ಗಂಟೆಯ ಬೆಳಕಿನಲ್ಲಿದೆ.

2003ರ ಜೂನ್ 13, ಶುಕ್ರವಾರ. ಕೌಂಟಿಗಳ, ಅಂದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜಿಲ್ಲಾ ತಂಡಗಳ, ಟ್ವೆಂಟಿ20 ಕಪ್ ಶುರುವಾದ ದಿನ. ಪಂದ್ಯಕ್ಕೆ ಸಂಜೆ 5.30ರ ಹೊತ್ತು. ಒಂದೊಂದು ಇನಿಂಗ್ಸ್‌ಗೆ 75 ನಿಮಿಷ, ನಡುವೆ 15 ನಿಮಿಷ ಬಿಡುವು. ಲೆಕ್ಕ ಹಾಕಿ ನೋಡಿ, 8.15ಕ್ಕೆ ಆಟ ಮುಗಿಯುತ್ತದೆ. ಇನ್ನೂ ಒಂದು ಗಂಟೆ ಬೆಳಕು ಉಳಿದಿರುತ್ತದೆ. ಹೊನಲು ಬೆಳಕಿನ ಕಂಬಗಳು ಬೇಕಿಲ್ಲ. ಆಫೀಸು ಮುಗಿಸಿ ನೇರವಾಗಿ ಮೈದಾನಕ್ಕೆ ಬಂದವರು, ಮಕ್ಕಳನ್ನು ಕರೆದುಕೊಂಡು ಬಂದವರು, ಎಲ್ಲರೂ ಮಲಗುವ ಹೊತ್ತಿಗೆ ಮನೆ ಸೇರಬಹುದು.

20 ಓವರ್ ಎಂಬ ಅಳತೆಯೂ ಆಗ ಹೊಸದೇನಲ್ಲ. ಇಂಗ್ಲೆಂಡಿನ ಊರೂರಿನ ಕ್ಲಬ್ಬುಗಳಲ್ಲಿ ಕೆಲಸ ಮುಗಿಸಿ ಬಂದವರು ವಾರದ ನಡುವಿನ ಸಂಜೆಗಳಲ್ಲಿ ಮೊದಲಿಂದಲೂ 20 ಓವರ್ ಆಟ ಆಡುತ್ತಿದ್ದರು. ಕತ್ತಲಾಗುವುದರೊಳಗೆ ಮುಗಿಯಬೇಕಲ್ವಾ, ಅದಕ್ಕೆ. ಕೌಂಟಿಗಳು ಆ ಸಂಜೆಯ ಆಟವನ್ನೇ ದೊಡ್ಡ ಮೈದಾನಕ್ಕೆ ತಂದವು.

ಕೌಂಟಿ ಕ್ರಿಕೆಟ್‌ನ ವೇಳಾಪಟ್ಟಿಯನ್ನು ನೋಡಿದರೆ ತಲೆ ತಿರುಗುತ್ತದೆ. ಇವತ್ತು ನಾಲ್ಕು ದಿನದ ಪಂದ್ಯ, ನಾಳಿದ್ದು ಟಿ20, ಆಮೇಲೆ ಐವತ್ತು ಓವರ್, ನಡುವೆ ನೂರು ಚೆಂಡುಗಳ ದಿ ಹಂಡ್ರೆಡ್. ಇದನ್ನು ಅರ್ಥ ಮಾಡಿಕೊಳ್ಳಲು ಒಂದೇ ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡರೆ ಸಾಕು: ನೋಡುವವನಿಗೆ ಯಾವಾಗ ಬಿಡುವು? ಅಲ್ಲಿನ ಚುಟುಕು ಆಟಗಳೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದ. ಅವು ಎಡವಿದ್ದೂ ಈ ಪ್ರಶ್ನೆಯನ್ನು ಮರೆತಾಗಲೇ.

ಹಳೆಯ ಉದಾಹರಣೆ 1969ರದ್ದು. ಆ ವರ್ಷ ಭಾನುವಾರದ ಲೀಗ್ ಶುರುವಾಯಿತು. ಪ್ರಾಯೋಜಕರು ಜಾನ್ ಪ್ಲೇಯರ್ ಸಿಗರೇಟ್ ಕಂಪನಿ. ಮಧ್ಯಾಹ್ನದ ಊಟ ಮುಗಿಸಿ ಬಂದರೆ ಆಟ, ತಂಡಕ್ಕೆ 40 ಓವರ್, ಸಂಜೆಯೊಳಗೆ ಫಲಿತಾಂಶ. ಹೊತ್ತಿಗೆ ಸರಿಯಾಗಿ ಮುಗಿಯಲಿ ಎಂದು ಬೌಲರ್‌ಗಳ ಓಟವನ್ನೇ 15 ಗಜಕ್ಕೆ ಮಿತಿ ಮಾಡಿದ್ದರು! ವೇಗದ ಬೌಲರ್ ಬೌಂಡರಿ ಗೆರೆಯ ಹತ್ತಿರದಿಂದ ಓಡಿ ಬರುವ ಹಾಗಿರಲಿಲ್ಲ. ಬಿಬಿಸಿ2 ಇದನ್ನು ನೇರವಾಗಿ ತೋರಿಸುತ್ತಿತ್ತು. ಆಟದ ನಿಯಮ ಗಡಿಯಾರಕ್ಕೆ ಹೇಗೆ ತಲೆಬಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಭಾನುವಾರದ ಲೀಗ್ ಹೆಸರು ಬದಲಿಸುತ್ತಾ ನ್ಯಾಷನಲ್ ಲೀಗ್ ಆಯಿತು. 2003ರಲ್ಲಿ ನಮ್ಮ ರಾಹುಲ್ ದ್ರಾವಿಡ್ ಸ್ಕಾಟ್ಲೆಂಡ್ ತಂಡದ ಪರ ಆಡಿದ್ದು ಇದೇ ಲೀಗಿನಲ್ಲಿ. ಟಿ20 ಹುಟ್ಟಿದ್ದೂ ಅದೇ ಬೇಸಿಗೆಯಲ್ಲಿ.

ಖಾಲಿಯಾದ ಒಂದು ಜಾಗ

1972ರಿಂದ ಬೆನ್ಸನ್ ಅಂಡ್ ಹೆಡ್ಜಸ್ ಕಪ್ ಎಂಬ ಸೀಮಿತ ಓವರ್‌ಗಳ ಟೂರ್ನಿ ನಡೆಯುತ್ತಿತ್ತು. ಅದೂ ಸಿಗರೇಟ್ ಕಂಪನಿಯ ದುಡ್ಡು. ತಂಬಾಕು ಜಾಹೀರಾತಿಗೆ ಬ್ರಿಟನ್ನಿನಲ್ಲಿ ನಿಷೇಧ ಬಂದ ಮೇಲೆ 2002ಕ್ಕೆ ಆ ಕಪ್ ನಿಂತಿತು. ಋತುವಿನ ನಡುವೆ ಒಂದು ಜಾಗ ಖಾಲಿಯಾಯಿತು.

ಆಗ ಇಂಗ್ಲೆಂಡ್ ಅಂಡ್ ವೇಲ್ಸ್ ಕ್ರಿಕೆಟ್ ಮಂಡಳಿಯಲ್ಲಿ, ಅಂದರೆ ಇಸಿಬಿಯಲ್ಲಿ, ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದವರು ಸ್ಟುವರ್ಟ್ ರಾಬರ್ಟ್‌ಸನ್. ಕೌಂಟಿ ಪಂದ್ಯಗಳಿಗೆ ಯಾರು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಎಂದು ಅವರ ತಂಡ ಜನರನ್ನೇ ಕೇಳಿತು. ಬೆಳಿಗ್ಗೆ 11ಕ್ಕೆ ಶುರುವಾಗಿ ಸಂಜೆಯವರೆಗೆ ನಡೆಯುವ ಪಂದ್ಯಕ್ಕೆ ಕೆಲಸವಿರುವವರು ಬರಲು ಸಾಧ್ಯವೇ ಇರಲಿಲ್ಲ. ಬರುತ್ತಿದ್ದವರು ಹೆಚ್ಚಾಗಿ ನಿವೃತ್ತರು. ಯುವಕರು, ಹೆಂಗಸರು, ಮಕ್ಕಳು ಕಡಿಮೆ. ಮೂರು ಗಂಟೆಯೊಳಗೆ ಮುಗಿಯುವ ಸಂಜೆಯ ಆಟ ಇದ್ದರೆ ಇವರೂ ಬರುತ್ತಾರೆ ಎಂಬುದು ರಾಬರ್ಟ್‌ಸನ್ ವಾದ. ಕೌಂಟಿಗಳ ಮುಖ್ಯಸ್ಥರು ಮತ ಹಾಕಿದಾಗ 11-7ರಲ್ಲಿ ಅದು ಗೆದ್ದಿತು. ಏಳು ಕೌಂಟಿಗಳು ಬೇಡ ಎಂದಿದ್ದವು ಎಂಬುದನ್ನು ಇವತ್ತು ನಂಬುವುದೇ ಕಷ್ಟ.

ಮೊದಲ ವರ್ಷ ನಾಟಿಂಗ್‌ಹ್ಯಾಮಿನ ಟ್ರೆಂಟ್ ಬ್ರಿಜ್‌ನಲ್ಲಿ ವಾರ್ವಿಕ್‌ಶೈರ್ ತಂಡವನ್ನು ಸೋಲಿಸಿ ಸರ್ರೆ ಕಪ್ ಗೆದ್ದಿತು. ಮರುವರ್ಷ, 2004ರ ಜುಲೈ 15ರ ಗುರುವಾರ, ಲಾರ್ಡ್ಸ್‌ನಲ್ಲಿ ಮೊದಲ ಟಿ20. ಮಿಡಲ್‌ಸೆಕ್ಸ್ ಮತ್ತು ಸರ್ರೆ, ಎರಡೂ ಲಂಡನ್ ತಂಡಗಳು. ಬಂದ ಜನ 27,509. ಒಂದು ದಿನದ ಟೂರ್ನಿಗಳ ಫೈನಲ್‌ಗಳನ್ನು ಬಿಟ್ಟರೆ, 1953ರ ನಂತರ ಅಷ್ಟು ಜನ ಲಾರ್ಡ್ಸ್‌ನಲ್ಲಿ ಕೌಂಟಿ ಪಂದ್ಯ ನೋಡಲು ಸೇರಿರಲಿಲ್ಲ.

ಜಾತ್ರೆ ಮತ್ತು ಸಂತೆ

ನಮ್ಮಲ್ಲಿ ವರ್ಷಕ್ಕೊಮ್ಮೆ ಬಂದರೆ ಜಾತ್ರೆ, ವಾರಕ್ಕೊಮ್ಮೆ ಬಂದರೆ ಸಂತೆ. ಎರಡಕ್ಕೂ ಜನ ಬರುತ್ತಾರೆ, ಆದರೆ ಬರುವ ರೀತಿ ಬೇರೆ. ಜಾತ್ರೆಗೆ ಹೊಸ ಬಟ್ಟೆ ಹಾಕಿಕೊಂಡು ಮನೆಮಂದಿಯೆಲ್ಲ ಹೋಗುತ್ತಾರೆ. ಸಂತೆಗೆ ಒಬ್ಬರು ಹೋಗಿ ಬಂದರೆ ಸಾಕು.

2003ರಲ್ಲಿ ಒಂದು ಕೌಂಟಿಗೆ ಗುಂಪು ಹಂತದಲ್ಲಿ ಇದ್ದದ್ದು 5 ಪಂದ್ಯ. ಅಂದರೆ ತವರಿನಲ್ಲಿ ಎರಡೋ ಮೂರೋ. ಊರಿನವರಿಗೆ ಅದು ಜಾತ್ರೆ. ತಪ್ಪಿಸಿಕೊಂಡರೆ ಮುಂದಿನ ವರ್ಷವೇ. ಜನ ಕಿಕ್ಕಿರಿದು ಬಂದರು. ದುಡ್ಡು ಬಂತು. ದುಡ್ಡು ಬಂದ ಕೂಡಲೇ ಇನ್ನಷ್ಟು ಪಂದ್ಯ ಬೇಕು ಎಂಬ ಆಸೆ ಹುಟ್ಟಿತು. 2005ರಲ್ಲಿ ಪಂದ್ಯಗಳು 8 ಆದವು. 2008ರಲ್ಲಿ 10. 2010ರಲ್ಲಿ 16!

16 ಪಂದ್ಯ ಎಂದರೆ ತವರಿನಲ್ಲಿ 8 ಸಂಜೆ. ಇಬ್ಬರು ಮಕ್ಕಳಿರುವ ಒಂದು ಕುಟುಂಬವನ್ನು ನೆನೆಸಿಕೊಳ್ಳಿ. ನಾಲ್ಕು ಟಿಕೆಟ್, ಕಾರು ನಿಲ್ಲಿಸುವ ಶುಲ್ಕ, ಮೈದಾನದಲ್ಲಿ ತಿಂಡಿ, ಮಕ್ಕಳಿಗೆ ಟೋಪಿ. ಎರಡು ಸಲ ಹೋಗಬಹುದು, ಮೂರನೆಯದಕ್ಕೆ ಯೋಚನೆ ಬರುತ್ತದೆ. ಎಂಟಕ್ಕೂ ಹೋಗುವವರು ಎಷ್ಟು ಜನ? ಪಂದ್ಯ ಹೆಚ್ಚಾದಾಗ ಒಟ್ಟು ಜನ ಒಂದಿಷ್ಟು ಹೆಚ್ಚಬಹುದು, ಆದರೆ ಪ್ರತಿ ಪಂದ್ಯದ ಜನ ಕಡಿಮೆಯಾಗುತ್ತಾರೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಅರ್ಧ ಖಾಲಿ ಮೈದಾನದಲ್ಲಿ ಆ ಸಂಜೆಯ ಗದ್ದಲ, ಹುರುಪು ಇರುವುದಿಲ್ಲ. ಒಮ್ಮೆ ಬಂದವನಿಗೆ ಮತ್ತೆ ಬರಬೇಕು ಅನ್ನಿಸುವುದೇ ಆ ಗದ್ದಲದಿಂದ. 2012ಕ್ಕೆ ಪಂದ್ಯಗಳನ್ನು ಮತ್ತೆ 10ಕ್ಕೆ ಇಳಿಸಬೇಕಾಯಿತು.

ಆ 2012ರ ಬೇಸಿಗೆ ಬ್ರಿಟನ್ನಿಗೆ ನೂರು ವರ್ಷಗಳಲ್ಲೇ ಅತಿ ಹೆಚ್ಚು ಮಳೆಯ ಬೇಸಿಗೆ. ಇಲ್ಲಿಂದ ವೇಳಾಪಟ್ಟಿಯ ಎರಡನೆಯ ದೊಡ್ಡ ಜಗಳಕ್ಕೆ ಬರಬಹುದು: ಪಂದ್ಯಗಳನ್ನೆಲ್ಲ ಒಂದೇ ಕಂತಿನಲ್ಲಿ ಮುಗಿಸಬೇಕೋ, ಬೇಸಿಗೆಯ ಉದ್ದಕ್ಕೂ ಹರಡಬೇಕೋ?

ಒಂದೇ ಕಂತಿನಲ್ಲಿ ಆಡಿದರೆ ಆಟಗಾರರಿಗೆ ಸುಖ. ನಾಲ್ಕು ದಿನದ ಆಟದ ಕೆಂಪು ಚೆಂಡು ಪಕ್ಕಕ್ಕಿಟ್ಟು ಕೆಲವು ವಾರ ಟಿ20ಯ ಬಿಳಿ ಚೆಂಡಿನಲ್ಲೇ ಮುಳುಗಬಹುದು. ವಿದೇಶಿ ತಾರೆಯನ್ನು ಒಂದೆರಡು ತಿಂಗಳಿಗೆ ಕರೆಸಿದರೆ ಎಲ್ಲ ಪಂದ್ಯಕ್ಕೂ ಸಿಗುತ್ತಾನೆ. ಪತ್ರಿಕೆಗಳಲ್ಲಿ, ಟಿವಿಯಲ್ಲಿ ಟೂರ್ನಿಯ ಸುದ್ದಿ ದಿನಾ ಇರುತ್ತದೆ. ಆದರೆ ಆ ವಾರಗಳಲ್ಲೇ ಮಳೆ ಹಿಡಿದುಕೊಂಡರೆ ಕೌಂಟಿಯ ವರ್ಷದ ಸಂಪಾದನೆ ನೀರಿನಲ್ಲಿ ಹೋಗುತ್ತದೆ. ಜೊತೆಗೆ ಒಂದೇ ವಾರದಲ್ಲಿ ಎರಡು ತವರು ಪಂದ್ಯ ಬಂದರೆ ಜನ ಒಂದನ್ನು ಆರಿಸಿಕೊಳ್ಳುತ್ತಾರೆ, ಇನ್ನೊಂದು ಸೊರಗುತ್ತದೆ.

ಹರಡಿದರೆ ನೋಡುವವನಿಗೆ ಅನುಕೂಲ. 2014ರಲ್ಲಿ ಟೂರ್ನಿಗೆ ಟಿ20 ಬ್ಲಾಸ್ಟ್ ಎಂಬ ಹೆಸರು ಬಂದಾಗ ಇಸಿಬಿ ಮಾಡಿದ್ದು ಇದನ್ನೇ. ತಲಾ 14 ಪಂದ್ಯ, ಮೇ ತಿಂಗಳಿಂದ ಶುರು, ಸಾಧ್ಯವಾದಷ್ಟು ಪಂದ್ಯಗಳು ಶುಕ್ರವಾರ ಸಂಜೆ. ಶುಕ್ರವಾರ ಬಂತೆಂದರೆ ಊರಿನಲ್ಲಿ ಕ್ರಿಕೆಟ್ ಇದೆ ಎಂಬ ರೂಢಿ ಬೆಳೆಯಲಿ ಎಂಬುದು ಉದ್ದೇಶ. ನನಗೆ ಇದು ಬಹಳ ಒಳ್ಳೆಯ ಯೋಚನೆ ಅನ್ನಿಸುತ್ತದೆ. ವೇಳಾಪಟ್ಟಿಯನ್ನು ಜನ ಹುಡುಕಿ ಓದುವ ಹಾಗಿರಬಾರದು, ತಲೆಯಲ್ಲಿ ತಾನಾಗಿ ಕೂರಬೇಕು. ತೊಂದರೆ ಆಗಿದ್ದು ಆಟಗಾರರಿಗೆ. ಗುರುವಾರದವರೆಗೆ ನಾಲ್ಕು ದಿನದ ಪಂದ್ಯದಲ್ಲಿ ತಾಳ್ಮೆಯಿಂದ ಚೆಂಡು ಬಿಡುತ್ತಿದ್ದವನು ಶುಕ್ರವಾರ ಸಂಜೆ ಮೊದಲ ಚೆಂಡಿಗೇ ಸಿಕ್ಸರ್ ಎತ್ತಬೇಕು. ಭಾನುವಾರ ಮತ್ತೆ ಬಿಳಿ ಬಟ್ಟೆ. ಮೂರು ತಿಂಗಳು ಹರಡಿದ ಟೂರ್ನಿಗೆ ದೊಡ್ಡ ವಿದೇಶಿ ತಾರೆಯನ್ನು ಪೂರ್ತಿ ಇಟ್ಟುಕೊಳ್ಳುವಷ್ಟು ದುಡ್ಡೂ ಕೌಂಟಿಗಳ ಬಳಿ ಇರಲಿಲ್ಲ.

2017ರಲ್ಲಿ ಮತ್ತೆ ಕಂತಿಗೆ ಮರಳಿದರು. ಈ ಸಲ ಜುಲೈ ಮತ್ತು ಆಗಸ್ಟ್. ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ. ಮಂಗಳವಾರ, ಬುಧವಾರದ ಸಂಜೆಗೂ ಮಕ್ಕಳನ್ನು ಕರೆದುಕೊಂಡು ಬರಬಹುದು, ಮರುದಿನ ಬೆಳಿಗ್ಗೆ ಶಾಲೆಯ ಚಿಂತೆ ಇಲ್ಲ. ಕಂತು ಮತ್ತು ರಜೆ ಒಂದರ ಮೇಲೊಂದು ಕೂತಾಗ ಮೈದಾನಗಳು ಚೆನ್ನಾಗಿ ತುಂಬಿದವು.

ಎಲ್ಲ ಪಂದ್ಯವನ್ನೂ ಶುಕ್ರವಾರವೇ ಇಡಬಾರದೇ?

ಕೇಳಲು ಸುಲಭ. 18 ಕೌಂಟಿಗಳು, ಎಲ್ಲವೂ ಒಂದೇ ಸಂಜೆ ಆಡಿದರೆ 9 ಪಂದ್ಯ. ಆದರೆ ಟಿವಿಯವರಿಗೆ ಒಂದೇ ಸಂಜೆ ಒಂಬತ್ತು ಪಂದ್ಯ ಬೇಕಿಲ್ಲ. ಅವರಿಗೆ ವಾರದ ಬೇರೆ ಬೇರೆ ದಿನಗಳಲ್ಲಿ ಒಂದೊಂದು ಒಳ್ಳೆಯ ಪಂದ್ಯ ಬೇಕು. ಇದು ಮೊದಲ ತಡೆ.

ಎರಡನೆಯದು ಮೈದಾನ. ಲಾರ್ಡ್ಸ್, ಓವಲ್, ಓಲ್ಡ್ ಟ್ರಾಫರ್ಡ್, ಹೆಡಿಂಗ್ಲಿ ಇಂಥ ಕಡೆ ಟೆಸ್ಟ್ ಪಂದ್ಯ ಇದ್ದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಪಿಚ್ ಸಿದ್ಧ ಮಾಡಬೇಕು. ಕೌಂಟಿ ಪಂದ್ಯಕ್ಕೆ ಜಾಗ ಸಿಗುವುದಿಲ್ಲ. ಕೆಲವು ಮೈದಾನಗಳಲ್ಲಿ ಬೇಸಿಗೆಯಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮಗಳೂ ನಡೆಯುತ್ತವೆ. ಮಿಡಲ್‌ಸೆಕ್ಸ್ ಸ್ಥಿತಿ ಇನ್ನೂ ಬೇರೆ. ಲಾರ್ಡ್ಸ್ ಅದರ ಸ್ವಂತ ಮೈದಾನವಲ್ಲ, ಎಂಸಿಸಿ ಎಂಬ ಹಳೆಯ ಕ್ಲಬ್ಬಿನದು. ಬಾಡಿಗೆಮನೆಯವರ ಹಾಗೆ ಸಿಕ್ಕ ದಿನಗಳಲ್ಲಿ ಆಡಬೇಕು, ಉಳಿದ ತವರು ಪಂದ್ಯಗಳನ್ನು ಸುತ್ತಲಿನ ಸಣ್ಣ ಮೈದಾನಗಳಿಗೆ ಒಯ್ಯಬೇಕು.

ಲಂಡನ್ನಿನ ಎರಡು ತಂಡಗಳು ಒಂದೇ ಸಂಜೆ ತವರಿನಲ್ಲಿ ಆಡಿದರೆ ಇಬ್ಬರಿಗೂ ನಷ್ಟ. ಅದಕ್ಕೇ ಮಿಡಲ್‌ಸೆಕ್ಸ್ ಲಾರ್ಡ್ಸ್‌ನಲ್ಲಿ ಆಡುವ ಟಿ20 ಸಾಮಾನ್ಯವಾಗಿ ಗುರುವಾರ ಸಂಜೆ. ಇದು ಬರೀ ಹೊಂದಾಣಿಕೆ ಅಲ್ಲ, ಜಾಣತನವೂ ಹೌದು. ಲಂಡನ್ನಿನ ಆಫೀಸಿನವರು ಸಹೋದ್ಯೋಗಿಗಳ ಜೊತೆ ಹೊರಗೆ ಹೋಗುವುದು ಗುರುವಾರ. ಶುಕ್ರವಾರ ಅನೇಕರು ಊರಿಗೋ ಮನೆಗೋ ಹೊರಟಿರುತ್ತಾರೆ. ಟಾಂಟನ್ ಅಥವಾ ಚೆಮ್ಸ್‌ಫರ್ಡ್‌ನಂಥ ಊರುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಶುಕ್ರವಾರವೇ ರಾಜ.

ಹೀಗೆ ವಾರದ ಒಂದೊಂದು ದಿನಕ್ಕೆ ಒಂದೊಂದು ಬಗೆಯ ಜನ. ಶುಕ್ರವಾರ ಗೆಳೆಯರ ಗುಂಪು. ಬಿಯರ್ ಮಾರಾಟ ಜಾಸ್ತಿ, ಗದ್ದಲ ಜಾಸ್ತಿ. ಆ ಗದ್ದಲಕ್ಕೇ ಹೆದರಿ ಕೆಲವು ಕುಟುಂಬಗಳು ದೂರ ಉಳಿಯುವುದೂ ಇದೆ. ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ಅಜ್ಜ, ಅಜ್ಜಿ, ಮೊಮ್ಮಕ್ಕಳು. ದುಡ್ಡು ಕಡಿಮೆ ಬರಬಹುದು, ಆದರೆ ಮುಂದಿನ ಇಪ್ಪತ್ತು ವರ್ಷದ ಪ್ರೇಕ್ಷಕರು ತಯಾರಾಗುವುದು ಈ ಭಾನುವಾರಗಳಲ್ಲಿ. ಡರ್ಬಿಶೈರ್ ಚೆಸ್ಟರ್‌ಫೀಲ್ಡ್‌ನ ಕ್ವೀನ್ಸ್ ಪಾರ್ಕಿಗೆ ಹೋಗಿ ಹಗಲು ಹೊತ್ತಿನಲ್ಲಿ ಟಿ20 ಆಡುತ್ತದೆ. ಸುತ್ತ ಮರಗಳಿರುವ ಸಾರ್ವಜನಿಕ ಉದ್ಯಾನ ಅದು. ಕಾಯಂ ಸ್ಟೇಡಿಯಂ ಅಲ್ಲದಿದ್ದರೂ ಜನ ತುಂಬುತ್ತಾರೆ, ಯಾಕೆಂದರೆ ಆ ಊರಿಗೆ ಅದು ಮತ್ತೆ ಜಾತ್ರೆ. ತೀರಾ ಬಡಪಾಯಿ ದಿನಗಳೆಂದರೆ ಮಂಗಳವಾರ, ಬುಧವಾರ. ಅದೂ ಮೇ ಕೊನೆಯ ಚಳಿಯಲ್ಲಿ, ಉತ್ತರದ ಡರ್ಹಮ್‌ನಂಥ ಕಡೆ.

ಹಲವು ಪಂದ್ಯಗಳನ್ನು ಕೌಂಟಿಗಳು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸುತ್ತವೆ. ಅಲ್ಲಿ ಸಂಜೆ 6.30 ಅಂದರೆ ನಮ್ಮಲ್ಲಿ ರಾತ್ರಿ 11. ನಾನು ಆಗಾಗ ಕೂತು ನೋಡುತ್ತೇನೆ. ಸ್ಕೋರಿಗಿಂತ ಮೊದಲು ಕಣ್ಣು ಹೋಗುವುದು ಬೌಂಡರಿಯಾಚೆಯ ಕುರ್ಚಿಗಳ ಕಡೆಗೆ. ಶುರುವಿನ ಓವರ್‌ಗಳ ಪವರ್‌ಪ್ಲೇ ಮುಗಿಯುವ ಹೊತ್ತಿಗೂ ಜನ ಒಳಗೆ ಬರುತ್ತಲೇ ಇದ್ದರೆ ಅದು ಆಫೀಸಿನವರ ಸಂಜೆ ಎಂದು ಗೊತ್ತಾಗುತ್ತದೆ.

ಎದುರಾಳಿ ಯಾರು ಎಂಬುದೂ ದಿನದಷ್ಟೇ ಮುಖ್ಯ. ಲ್ಯಾಂಕಶೈರ್‌ಗೆ ಯಾರ್ಕ್‌ಶೈರ್, ಸಾಮರ್‌ಸೆಟ್‌ಗೆ ಗ್ಲಾಸ್ಟರ್‌ಶೈರ್, ಸರ್ರೆಗೆ ಮಿಡಲ್‌ಸೆಕ್ಸ್. ಪಕ್ಕದ ಊರಿನ ಜೊತೆ ಪಂದ್ಯ ಎಂದರೆ ಎರಡೂ ಕಡೆಯ ಜನ ಬರುತ್ತಾರೆ. ಅದಕ್ಕೇ ಕೌಂಟಿಗಳನ್ನು ಉತ್ತರ, ದಕ್ಷಿಣ ಎಂದು ಒಂಬತ್ತೊಂಬತ್ತರ ಎರಡು ಗುಂಪು ಮಾಡಿದ್ದರು. ಎಂಟು ಎದುರಾಳಿಗಳ ಜೊತೆ ಎರಡೆರಡು ಸಲ ಆಡಿದರೆ 16 ಪಂದ್ಯ ಆಗುತ್ತದೆ. ಇದ್ದದ್ದು 14. ಹಾಗಾಗಿ ಆರು ತಂಡಗಳ ಜೊತೆ ಎರಡು ಸಲ, ಇಬ್ಬರ ಜೊತೆ ಒಂದೇ ಸಲ. ಪಕ್ಕದ ಊರಿನವರ ಜೊತೆ ಎರಡೂ ಸಲ ಆಡುವ ಹಾಗೆ ನೋಡಿಕೊಳ್ಳುತ್ತಿದ್ದರು. ಅಂಕಪಟ್ಟಿಯ ನ್ಯಾಯಕ್ಕಿಂತ ಮೈದಾನ ತುಂಬುವುದು ಮುಂದೆ ನಿಂತಿತು. ಇದನ್ನು ನಾನು ತಪ್ಪು ಎನ್ನುವುದಿಲ್ಲ.

ತುಂಬಿದೆ ಅಂದರೆ ಎಷ್ಟು?

ಜನರ ಲೆಕ್ಕ ಓದುವಾಗ ಸ್ವಲ್ಪ ಎಚ್ಚರ ಬೇಕು. ಚೆಮ್ಸ್‌ಫರ್ಡ್‌ನ ಎಸೆಕ್ಸ್ ಮೈದಾನದಲ್ಲಿ ಹಿಡಿಸುವುದು ಸುಮಾರು 6,500 ಜನ. ಲಾರ್ಡ್ಸ್‌ನಲ್ಲಿ ಸುಮಾರು 31,000. ಆರು ಸಾವಿರ ಜನ ಬಂದರೆ ಚೆಮ್ಸ್‌ಫರ್ಡ್‌ನಲ್ಲಿ ಕೂಗಾಟಕ್ಕೆ ಕಿವಿ ಗಡಚಿಕ್ಕುತ್ತದೆ. ಅದೇ ಆರು ಸಾವಿರ ಲಾರ್ಡ್ಸ್‌ನಲ್ಲಿ ಕೂತರೆ ಮದುವೆ ಮುಗಿದ ಛತ್ರದ ಹಾಗೆ ಕಾಣುತ್ತದೆ. ಸರಾಸರಿ ಸಂಖ್ಯೆ ದೊಡ್ಡ ನಗರದ ತಂಡಗಳನ್ನು ಹೊಗಳುತ್ತದೆ, ಎಷ್ಟು ಭಾಗ ತುಂಬಿತು ಎಂಬ ಲೆಕ್ಕ ಸಣ್ಣ ಊರಿನವರನ್ನು. ಇನ್ನೊಂದು ವಿಷಯ. ಮಾರಾಟವಾದ ಟಿಕೆಟ್ ಬೇರೆ, ಗೇಟು ದಾಟಿ ಒಳಗೆ ಬಂದವರು ಬೇರೆ. ಚಳಿ, ಮಳೆ, ಟಿವಿಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯ ಇದ್ದ ಸಂಜೆ ಇವೆರಡರ ನಡುವಿನ ಅಂತರ ದೊಡ್ಡದಾಗುತ್ತದೆ. ಮೊದಲೇ ಟಿಕೆಟ್ ಮಾರಿದ ಕೌಂಟಿಗೆ ಟಿಕೆಟ್ ದುಡ್ಡು ಬಂದಿರುತ್ತದೆ. ಆದರೆ ಊಟ, ಬಿಯರ್, ಜರ್ಸಿ ಮಾರಾಟದ ದುಡ್ಡು ಬರಬೇಕಾದರೆ ಜನ ಒಳಗೇ ಬರಬೇಕು.

ಸಣ್ಣ ಕೌಂಟಿಗೆ ಇದು ಉಳಿವಿನ ಪ್ರಶ್ನೆ. ನಾರ್ತಾಂಪ್ಟನ್‌ಶೈರ್ ಹೆಸರು ನಮ್ಮವರಿಗೆ ಚೆನ್ನಾಗಿ ಗೊತ್ತು. 1995ರಲ್ಲಿ ಅನಿಲ್ ಕುಂಬ್ಳೆ ಆ ತಂಡದ ಪರ 105 ವಿಕೆಟ್ ತೆಗೆದಿದ್ದರು. ಇತ್ತೀಚೆಗೆ 2023 ಮತ್ತು 2024ರಲ್ಲಿ ಕರುಣ್ ನಾಯರ್ ಅಲ್ಲಿ ಆಡಿ ಮತ್ತೆ ಭಾರತ ತಂಡದ ಬಾಗಿಲು ತಟ್ಟಿದರು. ಆ ಮೈದಾನದಲ್ಲಿ ಟೆಸ್ಟ್ ಪಂದ್ಯ ನಡೆಯುವುದಿಲ್ಲ, ದೊಡ್ಡ ನಗರದ ಬೆಂಬಲವಿಲ್ಲ. ಆದರೂ 2013 ಮತ್ತು 2016ರಲ್ಲಿ ಟಿ20 ಕಪ್ ಗೆದ್ದರು. ಲೆಸ್ಟರ್‌ಶೈರ್ ಮೂರು ಸಲ ಗೆದ್ದಿದೆ. ಮಂಡಳಿಯಿಂದ ಬರುವ ಅನುದಾನ ಬಿಟ್ಟರೆ ಇಂಥ ಕೌಂಟಿಗಳು ತಾವೇ ದುಡಿಯುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಟಿ20 ಸಂಜೆಗಳದ್ದು. 2025ರವರೆಗೆ ಇಡೀ ಬೇಸಿಗೆಗೆ ತವರಿನಲ್ಲಿ ಇದ್ದದ್ದು ಏಳು ಸಂಜೆ. ಅದರಲ್ಲಿ ಎರಡು ಮಳೆಗೆ ಹೋದರೆ ಎಷ್ಟು ಉಳಿಯುತ್ತಿತ್ತು?

ಆಗಸ್ಟ್ ಕೈತಪ್ಪಿದ ಮೇಲೆ

2021ರಲ್ಲಿ ದಿ ಹಂಡ್ರೆಡ್ ಬಂತು. ತಂಡಕ್ಕೆ ನೂರು ಚೆಂಡು, ಕೌಂಟಿಗಳ ಬದಲು ನಗರಗಳ ಎಂಟು ತಂಡ. ಇದರ ಹಿಂದಿನ ತರ್ಕವೂ ಗಡಿಯಾರದ್ದೇ. 75 ನಿಮಿಷಕ್ಕೆ ಒಂದು ಇನಿಂಗ್ಸ್ ಎಂದು ಹುಟ್ಟಿದ ಟಿ20 ವರ್ಷಗಳು ಕಳೆದ ಹಾಗೆ ಎಳೆದುಕೊಂಡು ಹೋಯಿತು. 7ಕ್ಕೆ ಶುರುವಾದರೆ 10 ಗಂಟೆ ಆಗುತ್ತದೆ. ಮಕ್ಕಳಿರುವವರಿಗೆ ಕಷ್ಟ. ಎರಡೂವರೆ ಗಂಟೆಯಲ್ಲಿ ಮುಗಿಯುವ ಆಟ ಬೇಕು ಎಂದು ಚೆಂಡುಗಳನ್ನು ಮತ್ತೆ ಕತ್ತರಿಸಿದರು. 1969ರಲ್ಲಿ ಬೌಲರ್ ಓಟ ಕತ್ತರಿಸಿದ ಹಾಗೇ ಇದು.

ಆದರೆ ಹಂಡ್ರೆಡ್‌ಗೆ ಕೊಟ್ಟ ಜಾಗ ಯಾವುದು? ಜುಲೈ ಕೊನೆ ಮತ್ತು ಆಗಸ್ಟ್. ಶಾಲೆಯ ರಜೆಯ ಅದೇ ಬಂಗಾರದ ವಾರಗಳು. ಕೌಂಟಿಗಳ ಬ್ಲಾಸ್ಟ್ ಮೇ ಕೊನೆಯಿಂದ ಜುಲೈ ನಡುವಿಗೆ ಸರಿಯಬೇಕಾಯಿತು. ಆ ವಾರಗಳಲ್ಲಿ ಮಕ್ಕಳಿಗೆ ಶಾಲೆ ಇರುತ್ತದೆ. ಜಿಸಿಎಸ್‌ಇ ಮತ್ತು ಎ ಲೆವೆಲ್, ಅಂದರೆ ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಥರದ ಪರೀಕ್ಷೆಗಳು, ಮೇ ತಿಂಗಳಿಂದ ಜೂನ್ ಕೊನೆಯವರೆಗೆ ನಡೆಯುತ್ತವೆ. ಮನೆಯಲ್ಲಿ ಒಬ್ಬ ಪರೀಕ್ಷೆ ಬರೆಯುವವನಿದ್ದರೆ ಇಡೀ ಮನೆ ಕ್ರಿಕೆಟ್‌ಗೆ ಹೋಗುವುದಿಲ್ಲ. ಇದು ನಮಗೆ ಹೇಳಿಕೊಡಬೇಕಾದ ಮಾತಲ್ಲ. ಬ್ಲಾಸ್ಟ್ ಶುರುವಾಗುವಾಗ ಹೆಚ್ಚಿನ ವರ್ಷ ಐಪಿಎಲ್ ಇನ್ನೂ ಮುಗಿದಿರುವುದಿಲ್ಲ, ಹಾಗಾಗಿ ತಾರೆಯರು ತಡವಾಗಿ ಬರುತ್ತಾರೆ. 2023ರಿಂದ ಅಮೆರಿಕದ ಮೇಜರ್ ಲೀಗ್ ಕ್ರಿಕೆಟ್ ಕೂಡ ಬೇಸಿಗೆಯಲ್ಲೇ ನಡೆಯುತ್ತಿದೆ, ಹಾಗಾಗಿ ಕೆಲವರು ಬೇಗ ಹೊರಡುತ್ತಾರೆ.

ಹಂಡ್ರೆಡ್ ಪಂದ್ಯಗಳು ನಡೆಯುವುದು ಎಂಟು ಮೈದಾನಗಳಲ್ಲಿ. ಉಳಿದ ಹತ್ತು ಕೌಂಟಿಗಳ ಊರಿಗೆ ಆಗಸ್ಟ್‌ನಲ್ಲಿ ಸಿಗುವುದು ಐವತ್ತು ಓವರ್‌ಗಳ ಒನ್ ಡೇ ಕಪ್. ಅದೂ ಒಳ್ಳೆಯ ಆಟಗಾರರೆಲ್ಲ ಹಂಡ್ರೆಡ್‌ಗೆ ಹೋದ ಮೇಲೆ. 2025ರಲ್ಲಿ ಹಂಡ್ರೆಡ್ ತಂಡಗಳ ಪಾಲು ಮಾರಿದಾಗ 50 ಕೋಟಿ ಪೌಂಡ್‌ಗೂ ಹೆಚ್ಚು ಹಣ ಬಂತು. ಕೊಂಡವರಲ್ಲಿ ಐಪಿಎಲ್ ತಂಡಗಳ ಮಾಲೀಕರೂ ಇದ್ದಾರೆ. ಆ ಹಣದಲ್ಲಿ ಎಲ್ಲ ಕೌಂಟಿಗಳಿಗೂ ಪಾಲಿದೆ, ಸಾಲ ತೀರಿಸಲು ಅದು ನೆರವಾಗುತ್ತದೆ. ಆದರೆ ಟಾಂಟನ್‌ನ ಒಂದು ಮಗುವಿಗೆ ರಜೆಯಲ್ಲಿ ತನ್ನ ಊರಿನ ತಂಡದ ಟಿ20 ನೋಡಲು ಸಿಗುತ್ತಿಲ್ಲವಲ್ಲ, ಅದಕ್ಕೆ ಯಾವ ಹಣವೂ ಪರಿಹಾರವಲ್ಲ ಎಂದೇ ನನ್ನ ಅಭಿಪ್ರಾಯ.

2024 ಮತ್ತು 2025ರಲ್ಲಿ ಇನ್ನೂ ವಿಚಿತ್ರ ಆಯಿತು. ಗುಂಪು ಹಂತ ಜುಲೈ ನಡುವೆ ಮುಗಿಯಿತು. ಕ್ವಾರ್ಟರ್‌ಫೈನಲ್ ನಡೆದದ್ದು ಸೆಪ್ಟೆಂಬರ್‌ನಲ್ಲಿ. ನಡುವೆ ಆರು ವಾರಕ್ಕೂ ಹೆಚ್ಚು ಅಂತರ. ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಒಂದೂವರೆ ತಿಂಗಳು ಕಾಯಿಸಿದ ಹಾಗೆ. ತಂಡ ಕ್ವಾರ್ಟರ್‌ಫೈನಲ್ ತಲುಪಿದ ಖುಷಿ ಅಷ್ಟು ಹೊತ್ತಿಗೆ ಆರಿಹೋಗಿರುತ್ತದೆ.

ಇದರ ನಡುವೆಯೂ ಕೆಡದೆ ಉಳಿದದ್ದು ಫೈನಲ್ಸ್ ಡೇ. ಎರಡು ಸೆಮಿಫೈನಲ್, ಒಂದು ಫೈನಲ್, ಎಲ್ಲ ಒಂದೇ ದಿನ. 2013ರಿಂದ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಅದರ ಮನೆ. ಬೆಳಿಗ್ಗೆ 11ಕ್ಕೆ ಶುರುವಾದರೆ ಮುಗಿಯುವುದು ರಾತ್ರಿ. ಯಾವ ತಂಡಗಳು ಬರುತ್ತವೆ ಎಂದು ಗೊತ್ತಾಗುವ ಮೊದಲೇ ಬಹುಪಾಲು ಟಿಕೆಟ್ ಮಾರಾಟವಾಗಿರುತ್ತದೆ. ಚಿತ್ರವಿಚಿತ್ರ ವೇಷ ಹಾಕಿಕೊಂಡ ಗುಂಪುಗಳು ಬರುತ್ತವೆ. ಕೌಂಟಿಗಳ ಗೊಂಬೆ ವೇಷಧಾರಿಗಳ ಓಟದ ಪಂದ್ಯವೂ ಇರುತ್ತದೆ, ಅದಕ್ಕೆ ಸಿಗುವ ಚಪ್ಪಾಳೆ ಸಿಕ್ಸರ್‌ಗಳಿಗೂ ಸಿಗುವುದಿಲ್ಲ. ಜನ ಇಲ್ಲಿಗೆ ಬರುವುದು ಒಂದು ದಿನವನ್ನು ಅನುಭವಿಸಲು. ವರ್ಷಕ್ಕೆ ಒಂದೇ, ಒಂದೇ ಊರು, ಶನಿವಾರ. ಆದರೆ ಆ ಎರಡು ವರ್ಷ ಅದು ನಡೆದದ್ದು ಸೆಪ್ಟೆಂಬರ್ ನಡುವೆ. ಆಗ ಬರ್ಮಿಂಗ್‌ಹ್ಯಾಮಿನಲ್ಲಿ 7.30ರೊಳಗೆ ಸೂರ್ಯ ಮುಳುಗಿರುತ್ತಾನೆ. ಫೈನಲ್ ಪಂದ್ಯದ ಹೊತ್ತಿಗೆ ಚಳಿಯಲ್ಲಿ ಮೈಮುದುಡಿಕೊಂಡು ಕೂರಬೇಕಿತ್ತು. ಸೆಮಿಫೈನಲ್ ಸೋತ ತಂಡದವರು ಅಷ್ಟರಲ್ಲಿ ರೈಲು ಹಿಡಿದಿರುತ್ತಾರೆ.

ಹೆಣ್ಣುಮಕ್ಕಳ ಪಂದ್ಯಗಳ ಬಗ್ಗೆಯೂ ಒಂದು ಮಾತು. 2025ರಲ್ಲಿ ಮಹಿಳಾ ಕ್ರಿಕೆಟ್ ಕೌಂಟಿಗಳ ಕೈಗೆ ಬಂದ ಮೇಲೆ ಅನೇಕ ಕಡೆ ಒಂದೇ ಟಿಕೆಟ್‌ಗೆ ಎರಡು ಪಂದ್ಯ. ಮೊದಲು ಮಹಿಳೆಯರದ್ದು, ಆಮೇಲೆ ಪುರುಷರದ್ದು. ಭಾನುವಾರ ಇದು ಬಹಳ ಚೆನ್ನಾಗಿ ಕೂರುತ್ತದೆ. ಶುಕ್ರವಾರವಾದರೆ ಮೊದಲ ಪಂದ್ಯ ಶುರುವಾಗುವಾಗ ಜನ ಇನ್ನೂ ಆಫೀಸಿನಲ್ಲಿ, ಮಕ್ಕಳು ಶಾಲೆಯಲ್ಲಿ. ಒಳ್ಳೆಯ ಆಟ ಖಾಲಿ ಕುರ್ಚಿಗಳ ಮುಂದೆ ನಡೆಯುತ್ತದೆ. ಬೆಳಿಗ್ಗೆ 11ರ ಹಳೆಯ ತಪ್ಪು ಬೇರೆ ರೂಪದಲ್ಲಿ ಮರಳಿ ಬಂದಿದೆ.

ಆಟಗಾರರ ಸಂಘವೂ ಸುಮ್ನೆ ಕೂರಲಿಲ್ಲ. 2025ರ ಲೆಕ್ಕದಲ್ಲಿ ಒಂದು ಕೌಂಟಿಯ ಗುಂಪು ಹಂತದ ದಿನಗಳನ್ನು ಕೂಡಿಸಿ ನೋಡಿ. ನಾಲ್ಕು ದಿನದ 14 ಚಾಂಪಿಯನ್‌ಷಿಪ್ ಪಂದ್ಯಗಳಿಗೆ 56 ದಿನ, ಬ್ಲಾಸ್ಟ್ 14, ಒನ್ ಡೇ ಕಪ್ 8. ಒಟ್ಟು 78. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ ಇಷ್ಟು ಆಟ, ಜೊತೆಗೆ ಪ್ರಯಾಣ, ಅಭ್ಯಾಸ. ಹೋವ್‌ನಲ್ಲಿ ರಾತ್ರಿ ಹತ್ತಕ್ಕೆ ಪಂದ್ಯ ಮುಗಿಸಿ, ನಡುರಾತ್ರಿ ಹೆದ್ದಾರಿಯಲ್ಲಿ ಪ್ರಯಾಣಿಸಿ, ಮರುದಿನ ಇನ್ನೊಂದು ಊರಲ್ಲಿ ಆಡುವುದು ಯಾರಿಗೂ ಒಳ್ಳೆಯದಲ್ಲ. 2025ರಲ್ಲಿ ಕೌಂಟಿಗಳು ಕೂತು ಚರ್ಚಿಸಿದವು. ಚಾಂಪಿಯನ್‌ಷಿಪ್ ಪಂದ್ಯಗಳನ್ನು ಕಡಿಮೆ ಮಾಡುವ ಪ್ರಸ್ತಾಪ ಬಿದ್ದುಹೋಯಿತು, ಅದು 14ರಲ್ಲೇ ಉಳಿಯಿತು. ಬ್ಲಾಸ್ಟ್ ಮಾತ್ರ ಬದಲಾಯಿತು.

2026ರಿಂದ ಆರಾರು ತಂಡಗಳ ಮೂರು ಗುಂಪು. ಗುಂಪಿನ ಐವರ ಜೊತೆ ಎರಡೆರಡು ಸಲ, ಹೊರಗಿನವರ ಜೊತೆ ಎರಡು, ಒಟ್ಟು 12. ಗುಂಪು ಹಂತದಲ್ಲಿ 126 ಪಂದ್ಯಗಳಿದ್ದದ್ದು 108ಕ್ಕೆ ಇಳಿಯುತ್ತದೆ. ತವರಿನಲ್ಲಿ ಏಳರ ಬದಲು ಆರು ಸಂಜೆ. ಮೊದಲ ವರ್ಷ, 2003ರಲ್ಲಿ, ಇದ್ದದ್ದೂ ಆರಾರರ ಮೂರು ಗುಂಪೇ. ಟೂರ್ನಿ ಹಂಡ್ರೆಡ್‌ಗೆ ಮೊದಲೇ ಪೂರ್ತಿ ಮುಗಿಯುವ ಹಾಗೆ ಫೈನಲ್ಸ್ ಡೇಯನ್ನು ಜುಲೈ 18ಕ್ಕೆ ಇಟ್ಟರು. 2003ರಲ್ಲಿ ಟ್ರೆಂಟ್ ಬ್ರಿಜ್‌ನಲ್ಲಿ ಮೊದಲ ಫೈನಲ್ಸ್ ಡೇ ನಡೆದದ್ದು ಜುಲೈ 19ರಂದು. ಆ ಹೊತ್ತಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೂ ಬೆಳಕಿರುತ್ತದೆ.